ಐದಕ್ಕೂ ಏಳಕ್ಕೂ ನಡುವೆ ಎಷ್ಟು ದೂರ?

ಮುಂದಿನ ತಿಂಗಳು ಟೋಕಿಯೋಗೆ ಕೆಲಸಕ್ಕೆ ಬರಲಿರುವ ನೀವು ಸಾಗರದಿಂದ ಕೇಳಿರುವ ಪ್ರಶ್ನೆಗಳಲ್ಲಿ ಬಾಡಿಗೆ ಮತ್ತು ಅಕ್ಕಿ-ಬೇಳೆಯ ವಿಚಾರ ಸುಲಭದ್ದು: ಎಲ್ಲವೂ ಸಿಗುತ್ತದೆ, ದುಬಾರಿ. ಆದರೆ "ಐದರ ಭೂಕಂಪಕ್ಕೆ ಒಗ್ಗಿಕೊಂಡವರಿಗೆ ಏಳೇನು ಮಹಾ, ಎರಡೇ ಹೆಚ್ಚು" ಎಂದು ನಿಮ್ಮ ತಂದೆಯವರು ಧೈರ್ಯ ಹೇಳಿದರೆಂದು ಬರೆದಿದ್ದೀರಲ್ಲ, ಆ ಲೆಕ್ಕವನ್ನು ತಿದ್ದಲೇಬೇಕು.

ಭೂಕಂಪದ ಪ್ರಮಾಣ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಅಂಕಿ ಒಂದು ಏರಿದರೆ ಮಾಪಕದಲ್ಲಿ ಮೂಡುವ ಅಲೆಯ ಎತ್ತರ ಹತ್ತು ಪಟ್ಟಾಗುತ್ತದೆ, ಹೊರಬೀಳುವ ಶಕ್ತಿ ಸುಮಾರು 32 ಪಟ್ಟಾಗುತ್ತದೆ. ಎರಡು ಏರಿದರೆ ಶಕ್ತಿ ಸಾವಿರ ಪಟ್ಟು. ನಮ್ಮ ಕಡೆಯ ಅಳತೆಯಲ್ಲೇ ಹೇಳುವುದಾದರೆ, 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರಗಳು ಪೂರ್ತಿ ಓಡುತ್ತಿವೆ ಎಂದಿಟ್ಟುಕೊಳ್ಳಿ. ಐದರ ಭೂಕಂಪವೊಂದು ಅಲೆಗಳ ರೂಪದಲ್ಲಿ ಹೊರಹಾಕುವಷ್ಟು ಶಕ್ತಿಯನ್ನು ಅವು ಅರ್ಧ ಗಂಟೆಯಲ್ಲಿ ಉತ್ಪಾದಿಸುತ್ತವೆ. ಆರಕ್ಕೆ ಹದಿನೇಳು ಗಂಟೆ ಬೇಕು, ಏಳಕ್ಕೆ ಮೂರು ವಾರಕ್ಕೂ ಮಿಕ್ಕಿ, ಎಂಟಕ್ಕೆ ಹೆಚ್ಚುಕಡಿಮೆ ಎರಡು ವರ್ಷ. 2011ರ ಮಾರ್ಚ್ 11ರಂದು ಇಲ್ಲಿ ಆದದ್ದು 9.0, ಅದಕ್ಕೆ ಲಿಂಗನಮಕ್ಕಿಯ ನೀರು ಒಮ್ಮೆಯೂ ತಗ್ಗದೆ ಸುಮಾರು 60 ವರ್ಷ ಯಂತ್ರಗಳು ತಿರುಗಬೇಕು.

ಅಂದು ಮಧ್ಯಾಹ್ನ 2.46ಕ್ಕೆ ಶುರುವಾದ ಅಲುಗಾಟ, ಕೇಂದ್ರದಿಂದ ನೂರಾರು ಕಿಲೋಮೀಟರ್ ದೂರದ ನನ್ನ ಮನೆಯಲ್ಲಿಯೂ ನಿಮಿಷಗಟ್ಟಲೆ ನಿಲ್ಲಲಿಲ್ಲ. ಊರಿಂದ ತಂದಿದ್ದ ಅಪ್ಪೆಮಿಡಿಯ ಭರಣಿ ಮೇಲಿನ ಕಪಾಟಿನಿಂದ ಜಾರಿ ಒಡೆಯಿತು. ಅದರ ರಸ ಅಕ್ಕಿಯ ಚೀಲಕ್ಕೆ ಇಳಿಯುವುದನ್ನು ನಾನು ಮೇಜಿನ ಅಡಿಯಿಂದ ನೋಡುತ್ತಿದ್ದೆ.

ಇನ್ನೊಂದು ಮಾತು. ನಮ್ಮ ಪತ್ರಿಕೆಗಳು ಪ್ರಮಾಣವನ್ನೇ 'ತೀವ್ರತೆ' ಎಂದು ಬರೆದು ಗೊಂದಲ ಮಾಡುತ್ತವೆ. ಪ್ರಮಾಣ ಇಡೀ ಭೂಕಂಪಕ್ಕೆ ಒಂದೇ. ನೀವು ನಿಂತ ಜಾಗ ಎಷ್ಟು ಅಲುಗಿತು ಎಂಬುದು ಆಳ, ದೂರ, ಮಣ್ಣು ಇವುಗಳ ಮೇಲೆ ನಿಂತಿದೆ. ಅದನ್ನು ಇಲ್ಲಿ 'ಶಿಂದೋ' ಎಂದು 0ಯಿಂದ 7ರವರೆಗೆ ಅಳೆಯುತ್ತಾರೆ, ಟಿವಿಯಲ್ಲಿ ಮೊದಲು ಬರುವುದೂ ಆ ಅಂಕಿಯೇ. 1993ರ ಲಾತೂರಿನ ಭೂಕಂಪದ ಪ್ರಮಾಣ 6.2 ಮಾತ್ರವಾಗಿದ್ದರೂ ಅದು ಹೆಚ್ಚು ಆಳದಲ್ಲಿರಲಿಲ್ಲ, ಮೇಲಿದ್ದದ್ದು ಕಲ್ಲು-ಮಣ್ಣಿನ ಗೋಡೆಗಳು. ಸಾವಿರಾರು ಜನ ನಿದ್ದೆಯಲ್ಲೇ ಹೋದರು. ಆದ್ದರಿಂದ ಮನೆ ಹುಡುಕುವಾಗ ಕಟ್ಟಡ 1981ರ ಹೊಸ ಭೂಕಂಪ ನಿಯಮದ ನಂತರದ್ದೇ ಎಂದು ತಪ್ಪದೆ ಕೇಳಿ. ಅಪ್ಪೆಮಿಡಿ ತಂದರೆ ಕೆಳಗಿನ ಕಪಾಟಿನಲ್ಲಿಡಿ.