ಹಿತ್ತಲ ಚಿಟ್ಟೆಗೆ ಕ್ಯಾಮೆರಾಕ್ಕಿಂತ ಮೊದಲು ಕರಿಬೇವು ಬೇಕು

ಮಂಡ್ಯದ ಹತ್ತಿರ ತೋಟದ ಮನೆ, ಸುತ್ತ ಹೂಗಿಡ, ನಾಲೆಯ ಬಸಿನೀರು ನಿಂತು ತಾನಾಗಿ ಆದ ಪುಟ್ಟ ಕೊಳ ಎಂದು ಬರೆದಿದ್ದೀರಿ. ಹತ್ತಿರ ಹೋದರೆ ಚಿಟ್ಟೆ ಹಾರಿಹೋಗುತ್ತದೆ, ಕೊಳದ ಫೋಟೊದಲ್ಲಿ ಬರೀ ಬಿಳಿ ಆಕಾಶ ಕಾಣುತ್ತದೆ, ಒಳ್ಳೆಯ ಕ್ಯಾಮೆರಾ ಕೊಳ್ಳಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಮೊದಲು ಗಿಡ ನೆಡಿ.

ನಾನು ಮೈಸೂರಿನ ಕುವೆಂಪುನಗರದಲ್ಲಿ ಚಿಕ್ಕದೊಂದು ಹಿತ್ತಲು ಇಟ್ಟುಕೊಂಡಿದ್ದೇನೆ. ರತ್ನಗಂಧಿಗೋ ಚೆಂಡುಹೂವಿಗೋ ಬಂದ ಚಿಟ್ಟೆ ಮಕರಂದ ಹೀರಿ ಹೊರಟುಬಿಡುತ್ತದೆ. ಮೊಟ್ಟೆ ಇಡಲು ಬಂದದ್ದು ಹಾಗಲ್ಲ, ಅದೇ ಗಿಡವನ್ನು ಮತ್ತೆ ಮತ್ತೆ ಸುತ್ತುತ್ತದೆ. ಕರಿಬೇವು, ನಿಂಬೆ ಇದ್ದರೆ ಕಾಮನ್ ಮಾರ್ಮನ್ ಮತ್ತು ನಿಂಬೆ ಚಿಟ್ಟೆ, ಎಕ್ಕ ಇದ್ದರೆ ಪ್ಲೇನ್ ಟೈಗರ್, ಕಣಗಿಲೆ ಇದ್ದರೆ ಕಾಮನ್ ಕ್ರೋ ಚಿಟ್ಟೆ ಬರುತ್ತವೆ. ಎಕ್ಕವನ್ನು ಕಳೆಯೆಂದು ಕೀಳುವವರೇ ಹೆಚ್ಚು. ಬೇಲಿಯ ಮೂಲೆಯಲ್ಲಿ ಒಂದನ್ನಾದರೂ ಉಳಿಸಿ.

ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಒರೆಸಿಹಾಕಬೇಡಿ, ಬಗ್ಗಿ ನೋಡಿ. ಅದು ಮಾರ್ಮನ್‌ನ ಎಳೆಯ ಹುಳುವಾಗಿರಬಹುದು. ಬೆಳೆದ ಮೇಲೆ ಅದೇ ಹುಳು ಎಲೆಹಸಿರು ಬಣ್ಣಕ್ಕೆ ತಿರುಗುತ್ತದೆ, ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಆಮೇಲೆ ಅದು ಕೋಶ ಕಟ್ಟುತ್ತದೆ. ಕೋಶದ ಬಣ್ಣ ಕಪ್ಪಾಗಿ, ಒಳಗಿನ ರೆಕ್ಕೆಯ ಗುರುತು ಹೊರಗೆ ಕಾಣತೊಡಗಿದರೆ ಬೇಗ ಏಳಲು ಸಿದ್ಧರಾಗಿ. ಹೊರಬಂದ ಚಿಟ್ಟೆ ರೆಕ್ಕೆ ಒಣಗುವವರೆಗೆ ಅಲ್ಲೇ ತೂಗಾಡುತ್ತಿರುತ್ತದೆ, ಹಾರಲಾರದು. ನಿಮ್ಮ ಜೀವನದ ಅತ್ಯುತ್ತಮ ಚಿಟ್ಟೆ ಚಿತ್ರ ಸಾಮಾನ್ಯ ಮೊಬೈಲಿನಲ್ಲೇ ಆಗ ಸಿಗುತ್ತದೆ. ಮುಟ್ಟಬೇಡಿ ಅಷ್ಟೇ, ಹಸಿ ರೆಕ್ಕೆ ಮಡಚಿಕೊಂಡು ಒಣಗಿದರೆ ಅದು ಎಂದೂ ಹಾರುವುದಿಲ್ಲ. ಹುಳ ತಿಂದಿದೆಯೆಂದು ಗಿಡಕ್ಕೆ ಔಷಧಿ ಹೊಡೆದರೆ ಇದಾವುದೂ ಇರುವುದಿಲ್ಲ. ದಯವಿಟ್ಟು ಹೊಡೆಯಬೇಡಿ, ಕರಿಬೇವು ಮತ್ತೆ ಚಿಗುರುತ್ತದೆ.

ಹಾರುವ ಚಿಟ್ಟೆಗಳಿಗೆ ಬೆಳಗಿನ ಎಳೆಬಿಸಿಲೇ ಸರಿಯಾದ ಹೊತ್ತು. ಮೈ ಬಿಸಿಯಾಗದೆ ಅವು ಹಾರಲಾರವು, ಹಾಗಾಗಿ ರೆಕ್ಕೆ ಬಿಚ್ಚಿ ಕುಳಿತಿರುತ್ತವೆ. ನಿಮ್ಮ ನೆರಳು ಮೇಲೆ ಬೀಳದಂತೆ, ಬಗ್ಗಿಕೊಂಡು ನಿಧಾನವಾಗಿ ಹೋಗಿ. ರೆಕ್ಕೆ ಪೂರ್ತಿ ಸ್ಪಷ್ಟವಾಗಿ ಬರಬೇಕಾದರೆ ಮೊಬೈಲನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿಯಿರಿ. ಮಾರ್ಮನ್ ಹೂವಿನ ಮೇಲೂ ರೆಕ್ಕೆ ಬಡಿಯುತ್ತಲೇ ಇರುತ್ತದೆ. ಅದಕ್ಕೆ ಒಂದರ ಹಿಂದೊಂದು ಹಲವು ಚಿತ್ರ ತೆಗೆಯುವ ಬರ್ಸ್ಟ್ ಬಳಸಿ.

ಇನ್ನು ಕೊಳ. ಆಕಾಶ ಪ್ರತಿಫಲಿಸುವಲ್ಲಿ ನೀರಿನೊಳಗೇನೂ ಕಾಣದು. ಮರದ ಅಥವಾ ಗೋಡೆಯ ಕಪ್ಪು ನೆರಳು ನೀರಿನಲ್ಲಿ ಬೀಳುವ ಕಡೆಗೆ ಸರಿದು ನಿಂತರೆ ತಳ ಕಾಣುತ್ತದೆ. ಹೊಳಪು ತಡೆಯುವ ಪೋಲರಾಯ್ಡ್ ಕನ್ನಡಕವಿದ್ದರೆ ಲೆನ್ಸಿನ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಿ. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಮೇಲಿನಿಂದ ನೋಡುವಾಗ ಹೊಳಪು ಹೆಚ್ಚುಕಡಿಮೆ ಮಾಯವಾಗುತ್ತದೆ. ಕೆಂಪು ನೈದಿಲೆ ರಾತ್ರಿ ಅರಳುವ ಹೂವು, ಬಿಸಿಲೇರಿದರೆ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಬೆಳಿಗ್ಗೆಯೇ ಹೋಗಬೇಕು. ಕೊಳದ ಅಂಚಿನಲ್ಲಿ ಒಂದು ಒಣಕಡ್ಡಿ ನೆಟ್ಟರೆ ಏರೋಪ್ಲೇನ್ ಚಿಟ್ಟೆ ಹಾರಿಹೋದರೂ ಮತ್ತೆ ಅದೇ ತುದಿಗೆ ಬಂದು ಕೂರುತ್ತದೆ, ಮೊದಲೇ ಅಲ್ಲಿಗೆ ಫೋಕಸ್ ಮಾಡಿಟ್ಟುಕೊಳ್ಳಬಹುದು. ಅಂಚಿನ ಹಸಿಮಣ್ಣಿಗೆ ಉಪ್ಪಿನಂಶ ಹೀರಲು ಗಂಡು ಚಿಟ್ಟೆಗಳೂ ಇಳಿಯುತ್ತವೆ. ಅಲ್ಲಿ ಮೈಮರೆತಿರುತ್ತವೆ, ನೆಲಕ್ಕೆ ಮಲಗಿ ತೆಗೆಯಿರಿ.

ಸೊಳ್ಳೆಗೆ ಹೆದರಿ ಗ್ಯಾಂಬೂಸಿಯಾ ಮೀನು ಬಿಡಬೇಡಿ. ಅವು ಕಪ್ಪೆಯ ಗೊದಮೊಟ್ಟೆಗಳನ್ನೂ ಕಚ್ಚಿ ಕೊಲ್ಲುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿಗಳೇ ನೀರಿನೊಳಗಿದ್ದು ಸೊಳ್ಳೆಮರಿಗಳನ್ನು ತಿನ್ನುತ್ತವೆ.

ಒಂದು ಮಳೆಗಾಲ ಕಳೆದ ಮೇಲೂ ಆಸಕ್ತಿ ಉಳಿದಿದ್ದರೆ ಆಗ ಕ್ಯಾಮೆರಾ ಕೊಳ್ಳಿ. ಕ್ಯಾಮೆರಾದ ಬಾಡಿಯ ಮೇಲೆ ದುಡ್ಡು ಸುರಿಯದೆ ಲೆನ್ಸಿಗೆ ಹಾಕಿ. ಪುಟ್ಟ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ 90 ಅಥವಾ 100 ಮಿ.ಮೀ. ಮ್ಯಾಕ್ರೋ ಲೆನ್ಸ್ ತೆಗೆದುಕೊಳ್ಳಿ. ಅದಕ್ಕಿಂತ ಚಿಕ್ಕದಾದರೆ ಚಿಟ್ಟೆಯ ಮುಖದ ಹತ್ತಿರಕ್ಕೇ ಹೋಗಬೇಕಾಗುತ್ತದೆ.