ಬರೋಸಾದ ಕೆಂಪು ವೈನ್ ಗಂಟಲು ಸುಡುವುದೇಕೆ?

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನೆಲೆಸಿರುವ ನೀವು, ಜನವರಿಯ ಸೆಕೆಯಲ್ಲಿ ತೆರೆದ, ಸಮೀಪದ ಬರೋಸಾ ಕಣಿವೆಯ ಗ್ರೆನಾಶ್–ಶಿರಾಜ್–ಮಟಾರೊ ಎಂಬ ಮೂರು ದ್ರಾಕ್ಷಿ ತಳಿಗಳ ಮಿಶ್ರಣದ ವೈನ್ ಗಂಟಲು ಸುಟ್ಟಿತೇ ಹೊರತು ಹಣ್ಣಿನ ರುಚಿ ಸಿಗಲಿಲ್ಲ, ಬಾಟಲಿ ಕೆಟ್ಟಿತ್ತೇ ಎಂದು ಕೇಳಿದ್ದೀರಿ. ಕೆಟ್ಟಿರುವ ಸಾಧ್ಯತೆ ಕಡಿಮೆ. ಇಂತಹ ವೈನ್‌ಗಳಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 14ರ ಆಸುಪಾಸಿನಲ್ಲಿರುವುದರಿಂದ, ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲೇ ಕುಡಿಯಬೇಕೆಂಬ ಹಳೆಯ ಮಾತನ್ನು (ಅದು ಯುರೋಪಿನ ತಂಪು ಮನೆಗಳಿಗೆ ಹೇಳಿದ್ದು) ನಂಬಿ 30 ಡಿಗ್ರಿಯಲ್ಲಿ ಸುರಿದರೆ, ಮದ್ಯಸಾರದ ಆವಿಯೇ ಮೊದಲು ಮೂಗಿಗೆ ಬಡಿದು ಉಳಿದ ಸುವಾಸನೆಗಳನ್ನೆಲ್ಲ ಮುಚ್ಚಿಹಾಕುತ್ತದೆ.

ಬಾಟಲಿಯನ್ನು ಸುಮಾರು ಒಂದೂವರೆಯಿಂದ ಎರಡು ಗಂಟೆ ಫ್ರಿಜ್‌ನಲ್ಲಿಟ್ಟು, 16–18 ಡಿಗ್ರಿಗೆ ಇಳಿಸಿ, ಅಗಲವಾದ ಲೋಟಕ್ಕೆ ಮೂರನೇ ಒಂದು ಭಾಗ ಮಾತ್ರ ಸುರಿಯಿರಿ. ಲೋಟವನ್ನು ಅಲುಗಿಸುವ ಮೊದಲೇ ಒಮ್ಮೆ ಮೂಸಿದರೆ ಗ್ರೆನಾಶ್‌ನ ರಾಸ್‌ಬೆರಿಯಂತಹ ಹಗುರ ಪರಿಮಳ ಸಿಗುತ್ತದೆ. ತಿರುಗಿಸಿದ ಮೇಲೆ ಶಿರಾಜ್‌ನ ಕಪ್ಪು ಹಣ್ಣು ಮತ್ತು ಕಾಳುಮೆಣಸಿನ ಘಾಟು ಮೇಲೇಳುತ್ತದೆ. ನುಂಗಿದ ಬಳಿಕ ಒಸಡಿನ ಮೇಲೆ ಉಳಿಯುವ, ಗಟ್ಟಿ ಚಹಾ ಕುಡಿದಂತಹ ಒಗರಿಗೆ ಹೆಚ್ಚಿನ ಪಾಲು ಮಟಾರೊ ಕಾರಣ, ಮತ್ತು ನನ್ನ ಮಟ್ಟಿಗೆ ಈ ಮಿಶ್ರಣದ ಗುಣವನ್ನು ಅಳೆಯಬೇಕಾದುದು ಆ ಒಗರು ಎಷ್ಟು ನಯವಾಗಿದೆ ಎಂಬುದರಿಂದಲೇ. ಲೇಬಲ್‌ನಲ್ಲಿ ಮೊದಲು ಬರೆದಿರುವ ದ್ರಾಕ್ಷಿಯ ಪ್ರಮಾಣವೇ ಹೆಚ್ಚಿರುತ್ತದೆ. ನಿಮಗೆ ಹಗುರವಾದುದು ಬೇಕಿದ್ದರೆ ಗ್ರೆನಾಶ್ ಮುಂದಿರುವ ಬಾಟಲಿಯನ್ನೇ ಆರಿಸಿ.