ಕಡಲ ಮರಳಿನ ದ್ರಾಕ್ಷಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪೋರ್ಚುಗಲ್‌ನ ಕೊಲಾರೆಶ್‌ನಲ್ಲಿ ಕಡಲ ದಂಡೆಯ ಮರಳಿನಲ್ಲೇ, ಕಸಿ ಕಟ್ಟದೆ, ವೈನ್ ದ್ರಾಕ್ಷಿ ಬೆಳೆಯುತ್ತಾರಂತೆ. ಹೊನ್ನಾವರದ ಬಳಿ ನನಗೂ ಮರಳು ಜಮೀನಿದೆ. ಅದೇ ತಳಿಯನ್ನು ನೆಡಬಹುದೇ?

ಉತ್ತರ: ಬೇಡ. ಇದೇ ಪ್ರಶ್ನೆ ಊರಿನ ಹೆಸರು ಮಾತ್ರ ಬದಲಾಗಿ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಬಾರಿ ವಿವರವಾಗಿಯೇ ಬರೆಯುತ್ತೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಯುರೋಪಿಗೆ ಬಂದ ಫಿಲೋಕ್ಸೆರಾ ಎಂಬ ಬೇರುಹೇನು ಅಲ್ಲಿನ ತೋಟಗಳನ್ನು ಹಾಳುಗೆಡವಿದಾಗ ಉಳಿದವರಲ್ಲಿ ಹೆಚ್ಚಿನವರು ಅಮೆರಿಕದ ಬೇರುಸಸಿಗಳ ಮೇಲೆ ಕಸಿ ಕಟ್ಟಬೇಕಾಯಿತು; ಸಡಿಲ ಮರಳಿನಲ್ಲಿ ಆ ಹೇನು ಬೇರಿನಿಂದ ಬೇರಿಗೆ ಸಾಗಲಾರದ್ದರಿಂದ ಕೊಲಾರೆಶ್‌ನ ರಮಿಸ್ಕು ತಳಿ ಸ್ವಂತ ಬೇರಿನ ಮೇಲೆಯೇ ಉಳಿಯಿತು. ಮರಳಿನ ಉಪಕಾರ ಅಷ್ಟೇ. ಬಳ್ಳಿಯನ್ನು ಸಾಕುವುದು ಮರಳಿನ ಕೆಳಗಿನ ಜೇಡಿಮಣ್ಣು. ಅದನ್ನು ಮುಟ್ಟಲು ಅಲ್ಲಿನ ರೈತರು ಆಳವಾದ ಕಂದಕ ತೋಡುತ್ತಾರೆ. ಹಿಂದೆ ಕಂದಕಕ್ಕೆ ಇಳಿದವರು, ಮರಳು ಕುಸಿದರೆ ಉಸಿರಾಡಲು ಜಾಗವಿರಲೆಂದು, ತಲೆಯ ಮೇಲೆ ಬುಟ್ಟಿ ಕವುಚಿಕೊಂಡಿರುತ್ತಿದ್ದರು. ಅಟ್ಲಾಂಟಿಕ್ ಗಾಳಿಗೆ ಅಂಜಿ ಬಳ್ಳಿಯನ್ನು ಚಪ್ಪರಕ್ಕೆ ಏರಿಸದೆ ನೆಲದ ಮೇಲೆಯೇ ಹರಡಿ, ಸುತ್ತ ಜೊಂಡಿನ ತಡಿಕೆ ಕಟ್ಟಿ, ಹಣ್ಣಾಗುವ ಹೊತ್ತಿಗೆ ಕಾದ ಮರಳು ಗೊಂಚಲನ್ನು ಸುಡದಂತೆ ಸಣ್ಣ ಕೋಲುಗಳ ಆಸರೆ ಕೊಡುತ್ತಾರೆ.

ಇನ್ನು ಹವೆ. ಸಿಂತ್ರಾ ಬೆಟ್ಟದ ಮಂಜು, ತಣ್ಣನೆಯ ಕಡಲು, ಮಳೆ ಅಪರೂಪವಾದ ಬೇಸಿಗೆ ಇವುಗಳಿಂದ ಹಣ್ಣು ನಿಧಾನವಾಗಿ ಮಾಗುತ್ತದೆ. ವೈನ್‌ನಲ್ಲಿ ಹುಳಿಯೂ ಒಗರೂ ಹೆಚ್ಚು, ಮದ್ಯಾಂಶ ಕಡಿಮೆ. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಿಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ, ಬಳ್ಳಿಯನ್ನು ಮಲಗಿಸುವ ಚಳಿಯಿಲ್ಲ, ಬೇರುಹೇನು ಬರದಿದ್ದರೂ ಡೌನಿ ಎಂಬ ಬೂಷ್ಟು ರೋಗ ಎಲೆ ಉಳಿಸುವುದಿಲ್ಲ. ಒಣಹವೆಯ ವಿಜಯಪುರದಲ್ಲೇ ಬೆಳೆಗಾರರು ವರ್ಷಕ್ಕೆ ಎರಡು ಬಾರಿ ಚಾಟ್ನಿ (ಬಳ್ಳಿ ಸವರುವ ಕೆಲಸ) ಮಾಡಿ, ಬರ ಮತ್ತು ಉಪ್ಪು ನೀರು ತಾಳಲೆಂದು ಡಾಗ್‌ರಿಡ್ಜ್ ಬೇರುಸಸಿಗೆ ಕಸಿ ಕಟ್ಟಿ ಹೆಣಗುತ್ತಿದ್ದಾರೆ. ಸ್ವತಃ ಕೊಲಾರೆಶ್ 1908ರಲ್ಲೇ ಅಧಿಕೃತ ವೈನ್ ಪ್ರದೇಶವೆನಿಸಿಕೊಂಡರೂ, 1931ರಿಂದ ಸಹಕಾರಿ ಸಂಘವಿದ್ದರೂ, ಲಿಸ್ಬನ್‌ನವರ ಮನೆ ನಿವೇಶನಗಳಿಗೆ ತೋಟ ಬಿಟ್ಟುಕೊಡುತ್ತ ಕೇವಲ ಹತ್ತಾರು ಹೆಕ್ಟೇರ್‌ಗಳಿಗೆ ಕುಗ್ಗಿದೆ. ನಿಮ್ಮ ಜಮೀನಿನಲ್ಲಿ ಗೇರು ಹಾಕಿ.

ಪ್ರಶ್ನೆ: ಬುಡಕ್ಕೆ ಸಮುದ್ರದ ಮರಳು ಸುರಿದರೆ ಬೇರಿನ ಕೀಟವೆಲ್ಲ ಸಾಯುತ್ತದೆಯೆಂದು ಒಬ್ಬರು ಚೀಲಕ್ಕಿಷ್ಟು ಎಂದು ಮಾರುತ್ತಿದ್ದಾರೆ. ಕೊಳ್ಳಲೇ?

ಉತ್ತರ: ಮಾರುವವನಿಗೆ ಲಾಭ, ನಿಮ್ಮ ಮಣ್ಣಿಗೆ ಉಪ್ಪು.

ಪ್ರಶ್ನೆ: ಕೊಲಾರೆಶ್‌ಗೂ ನಮ್ಮ ಕೋಲಾರಕ್ಕೂ ಸಂಬಂಧವಿದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ದಿನಕ್ಕೊಂದು ಲೋಟ ಕೆಂಪು ವೈನ್ ಹೃದಯಕ್ಕೆ ಔಷಧವಲ್ಲವೇ?

ಉತ್ತರ: ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ರುಚಿಗೆಂದು ಕುಡಿಯುವವರು ರುಚಿಗೆಂದೇ ಹೇಳಲಿ.

ಪ್ರಶ್ನೆ: ಲಿಸ್ಬನ್‌ನಿಂದ ಅಳಿಯ ತಂದ ರಮಿಸ್ಕು ನಾಲಿಗೆಯೆಲ್ಲ ಒಗರು ಮಾಡಿತು. ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಎಳೆಯದು. ಈ ಒಗರು ಮೆತ್ತಗಾಗಲು ಹತ್ತು ವರ್ಷವಾದರೂ ಬೇಕು. ತೆರೆದ ಬಾಟಲಿಯನ್ನು ಊಟದ ಜೊತೆ ಮುಗಿಸಿ. ಇನ್ನೊಂದಿದ್ದರೆ ಕತ್ತಲೆಯ ತಂಪು ಜಾಗದಲ್ಲಿ ಮಲಗಿಸಿಡಿ, ಅಡುಗೆಮನೆಯ ಅಟ್ಟದ ಮೇಲೆ ಮಾತ್ರ ಬೇಡ.